ನಾಗವಲ್ಲಿಯ ಭವಾವಳಿ: ಭಯಾನಕ ಚಲಚ್ಚಿತ್ರಗಳಲ್ಲಿ ಮೂಲ, ರೂಪಾಂತರ, ಉತ್ತರಕಥೆ

೧. ಪ್ರಸ್ತಾವನೆ

ಗಂಗಾವತಿ ಸೀಮೆಯ ಸಾಣಾಪುರವು ತುಂಗಭದ್ರೆಯ ಎಡದಂಡೆಯ ಮೇಲಿನ ಒಂದು ಸಣ್ಣ ಊರು. ಸುತ್ತಲೂ ಹೆಬ್ಬಂಡೆಗಳ ಗುಡ್ಡಗಳು, ನಡುವೆ ಕೆರೆ, ಬತ್ತದ ಗದ್ದೆಗಳು. ಸಮೀಪದಲ್ಲಿಯೇ ಆನೆಗೊಂದಿ, ಪಂಪಾಸರೋವರ, ಅಂಜನಾದ್ರಿಗಳಿರುವುವು. ರಾಮಾಯಣದ ಕಿಷ್ಕಿಂಧೆಯು ಈ ನೆಲವೇ ಎಂಬುದು ಪರಂಪರೆಯ ನಂಬಿಕೆ. ಇಲ್ಲಿಯ ಜನರು ವಾಲಿಸುಗ್ರೀವರನ್ನು ವಾನರರೆಂದೇ ಬಲ್ಲರು. ಆದರೆ ವಿಮಲಸೂರಿಯ ಪರಂಪರೆಯನ್ನು ಅನುಸರಿಸಿದ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ಅವರು ಕಪಿಗಳಲ್ಲ; ಕಪಿಧ್ವಜವುಳ್ಳ ವಿದ್ಯಾಧರರು. ರಾವಣನೂ ಅಲ್ಲಿ ಹತ್ತು ತಲೆಯ ಅಸುರನಲ್ಲ; ಮೋಹವಶನಾಗಿ ಕೆಟ್ಟ ಒಬ್ಬ ಮಹಾಪುರುಷನು. ಕಥೆ ಒಂದೇ, ಪಾತ್ರಗಳ ಹೆಸರುಗಳು ಅವೇ. ಆದರೆ ಅತಿಮಾನುಷವಾದುದಕ್ಕೆ ಕೊಟ್ಟ ಕಾರಣವು ಬದಲಾದುದರಿಂದ ಕಾವ್ಯದ ರಸವೇ ಬದಲಾಯಿತು. ಮೊದಲು ಅದ್ಭುತವಿದ್ದ ಕಡೆಯಲ್ಲಿ ಕರುಣವು ನೆಲೆಗೊಂಡಿತು.

ಆದಕಾರಣ ಹೇಳಿದ ಕಥೆಯನ್ನು ಮತ್ತೆ ಹೇಳುವವನ ಮುಂದೆ ನಿಲ್ಲುವ ಮೊದಲನೆಯ ಪ್ರಶ್ನೆ ‘ಎಷ್ಟನ್ನು ಉಳಿಸಲಿ, ಎಷ್ಟನ್ನು ಬಿಡಲಿ’ ಎಂಬುದಲ್ಲ. ‘ಅತಿಮಾನುಷವನ್ನು ಏನು ಮಾಡಲಿ’ ಎಂಬುದು. ಈ ಪ್ರಶ್ನೆಯನ್ನು ನಮ್ಮ ಕಾಲದ ಒಂದು ಕಥೆಗೆ ಹಾಕಿ ನೋಡುವುದೇ ಈ ಲೇಖನದ ಉದ್ದೇಶ. ಆ ಕಥೆಯು ೧೯೯೩ರಲ್ಲಿ ‘ಮಣಿಚಿತ್ರತ್ತಾಳ್’ ಎಂಬ ಹೆಸರಿನಿಂದ ಮಲೆಯಾಳದಲ್ಲಿ ಹುಟ್ಟಿ, ೨೦೦೪ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ಬಂದು, ೨೦೧೦ರಲ್ಲಿ ‘ಆಪ್ತರಕ್ಷಕ’ವೆಂಬ ಉತ್ತರಕಥೆಯನ್ನು ಪಡೆಯಿತು. ಚಲಚ್ಚಿತ್ರಗಳನ್ನು ಕಾವ್ಯಗಳ ಪಕ್ಕದಲ್ಲಿಟ್ಟು ವಿಚಾರಿಸುವುದು ಉಚಿತವೇ ಎಂದು ಕೆಲವರು ಸಂಶಯಪಡಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ನಾಗಚಂದ್ರನಿಗಿಂತ ನಾಗವಲ್ಲಿಯ ಪರಿಚಯವೇ ಹೆಚ್ಚು. ಪರಿಚಿತವಾದುದರಿಂದ ಅಪರಿಚಿತವಾದುದಕ್ಕೆ ಕರೆದೊಯ್ಯುವುದು ಅಧ್ಯಾಪಕನ ಧರ್ಮವಾದ್ದರಿಂದ ಈ ಸಂಶಯವು ನಿಲ್ಲಲಾರದು.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಈಗ ‘ರೀಮೇಕ್’ ಎಂದು ರೂಢಿಯಲ್ಲಿರುವುದನ್ನು ಇಲ್ಲಿ ರೂಪಾಂತರವೆಂದು ಕರೆದಿದೆ. ಬಿ. ಎಂ. ಶ್ರೀಕಂಠಯ್ಯನವರು ಸೋಫೊಕ್ಲೀಸನ ಏಜಾಕ್ಸನನ್ನು ‘ಅಶ್ವತ್ಥಾಮನ್’ ಆಗಿಸಿದುದೂ, ಕುವೆಂಪು ಅವರು ಹ್ಯಾಮ್ಲೆಟನ ಕಥೆಯನ್ನು ಬಿದನೂರಿನ ಇತಿಹಾಸಕ್ಕೆ ತಂದು ‘ರಕ್ತಾಕ್ಷಿ’ಯನ್ನು ಬರೆದುದೂ ಇದೇ ಬಗೆಯ ಕೆಲಸ. ರೂಪಾಂತರವು ಮುಗಿದ ಕಥೆಯನ್ನು ಬೇರೊಂದು ನೆಲದಲ್ಲಿ ಮೊದಲಿನಿಂದ ಆರಂಭಿಸುವುದು. ಉತ್ತರಕಥೆಯು ಅದು ಮುಗಿದ ಎಡೆಯಿಂದ ಮುಂದಕ್ಕೆ ನಡೆಯುವುದು. ಮೊದಲನೆಯದು ಮೂಲದ ನೆಲವನ್ನು ಬದಲಿಸುವುದು, ಎರಡನೆಯದು ಮೂಲದ ಮುಕ್ತಾಯವನ್ನು ಬಿಚ್ಚುವುದು. ಇವೆರಡರ ಗುಣದೋಷಗಳನ್ನು ಒಂದೇ ಅಳತೆಯಿಂದ ಅಳೆಯಲಾಗದು.

೨. ಮೂಲ

‘ಮಣಿಚಿತ್ರತ್ತಾಳ್’ ಎಂದರೆ ಚಿತ್ತಾರದ ಬೀಗ. ಫಾಸಿಲ್ ಅವರು ನಿರ್ದೇಶಿಸಿದ ಈ ಚಿತ್ರದ ಕಥೆಯನ್ನು ಬರೆದವರು ಮಧು ಮುಟ್ಟಂ. ನಕುಲನೆಂಬ ಗೃಹಸ್ಥನು ಹೆಂಡತಿ ಗಂಗೆಯೊಡನೆ ತನ್ನ ಪೂರ್ವಿಕರ ಮನೆಯಾದ ಮಾಡಂಪಳ್ಳಿಗೆ ಬರುವನು. ಆ ಮನೆಯ ತೆಂಕಣ ಭಾಗಕ್ಕೆ ಬೀಗ ಹಾಕಿದೆ. ಹಿಂದೆ ಮನೆಯ ಯಜಮಾನನಾದ ಶಂಕರನ್ ತಂಬಿಯು ತಂಜಾವೂರಿನಿಂದ ತಂದಿರಿಸಿದ ನಾಗವಲ್ಲಿಯೆಂಬ ನರ್ತಕಿಯನ್ನು, ಆಕೆ ಎದುರು ಮನೆಯ ನರ್ತಕ ರಾಮನಾಥನನ್ನು ಪ್ರೀತಿಸಿದಳೆಂಬ ಕಾರಣಕ್ಕೆ, ದುರ್ಗಾಷ್ಟಮಿಯ ದಿನ ಕೊಂದನೆಂದೂ, ಆಕೆಯ ಪ್ರೇತವನ್ನು ಅಲ್ಲಿ ಕಟ್ಟಿಹಾಕಿರುವರೆಂದೂ ಮನೆಯವರ ನಂಬಿಕೆ. ಕಥೆ ಕಾದಂಬರಿಗಳಲ್ಲಿ ಮನಸ್ಸಿಟ್ಟ ಗಂಗೆ ಬೀಗಕ್ಕೆ ಬೇರೆ ಕೀಲಿಯನ್ನು ಮಾಡಿಸಿ ಬಾಗಿಲನ್ನು ತೆರೆಯುವಳು. ಮುಂದೆ ಮನೆಯಲ್ಲಿ ಭಯಂಕರವಾದ ಸಂಗತಿಗಳು ನಡೆಯತೊಡಗುವುವು. ನಕುಲನ ಸ್ನೇಹಿತನಾದ ಮನೋವೈದ್ಯ ಸನ್ನಿಯು ಬಂದು, ಇದನ್ನೆಲ್ಲ ಮಾಡುತ್ತಿರುವುದು ಪ್ರೇತವಲ್ಲ, ಗಂಗೆಯೇ ಎಂದು ಕಂಡುಹಿಡಿಯುವನು.

ಈ ಚಿತ್ರದ ಬೆಲೆಯಿರುವುದು ಇಲ್ಲಿಂದ ಮುಂದೆ. ಗಂಗೆಯ ತಂದೆತಾಯಿಗಳು ಕಲ್ಕತ್ತೆಗೆ ಹೋಗಿ ನೆಲೆಸಿದಾಗ ಮಗುವನ್ನು ಅಜ್ಜಿಯ ಬಳಿ ಬಿಟ್ಟಿದ್ದರು. ಅಜ್ಜಿಯೇ ಆ ಮಗುವಿನ ಲೋಕವಾಗಿದ್ದಳು. ಆ ಲೋಕದಿಂದ ಅವಳನ್ನು ಕಿತ್ತು ಒಯ್ಯಲು ಬಂದ ದಿನ ಅವಳ ಮನಸ್ಸಿನಲ್ಲಿ ಏನೋ ಒಡೆಯಿತು. ಆ ಹಳೆಯ ಗಾಯವು, ತನ್ನಂತೆಯೇ ಹುಟ್ಟೂರಿನಿಂದ ಕಿತ್ತು ತರಲ್ಪಟ್ಟ ನಾಗವಲ್ಲಿಯ ಕಥೆಯಲ್ಲಿ ತನ್ನ ಮಾತನ್ನು ಕಂಡುಕೊಂಡಿತು. ಆದ್ದರಿಂದ ‘ಭೂತವಿಲ್ಲ’ ಎಂದು ತಿಳಿದ ಗಳಿಗೆಯಲ್ಲಿ ಪ್ರೇಕ್ಷಕನಿಗೆ ಸಮಾಧಾನವಾಗುವುದಿಲ್ಲ. ಭಯವು ಮೆಲ್ಲನೆ ಕರುಣವಾಗಿ ಮಾರ್ಪಡುವುದು. ಭರತನು ಭಯಾನಕದ ವಿಭಾವಗಳಲ್ಲಿ ಶೂನ್ಯಾಗಾರವನ್ನು, ಎಂದರೆ ಪಾಳುಬಿದ್ದ ಮನೆಯನ್ನು, ಹೇಳಿರುವನಷ್ಟೆ. ಈ ಚಿತ್ರದಲ್ಲಿ ಬೀಗ ಹಾಕಿದ ಶೂನ್ಯಾಗಾರವು ಮನೆಯ ತೆಂಕಣದಲ್ಲಿ ಒಂದು, ಗಂಗೆಯ ಎದೆಯಲ್ಲಿ ಇನ್ನೊಂದು. ಚಿತ್ರಕ್ಕೆ ಬೀಗದ ಹೆಸರನ್ನು ಇಟ್ಟುದು ಇದರಿಂದ ಸಾರ್ಥಕವಾಯಿತು. ಗಂಗೆಯ ಪಾತ್ರವನ್ನು ವಹಿಸಿದ ಶೋಭನಾ ಅವರಿಗೆ ಶ್ರೇಷ್ಠ ನಟಿಯೆಂದು ರಾಷ್ಟ್ರಪ್ರಶಸ್ತಿ ಬಂದುದನ್ನೂ ಇಲ್ಲಿ ನೆನೆಯಬಹುದು.

ಮತ್ತೊಂದು ಅಂಶವನ್ನು ಮರೆಯಬಾರದು. ಕೊಂದವನು ನಕುಲನ ಮನೆತನದವನೇ. ರೋಗಿಯಾದ ಹೆಂಡತಿಯು ಗಂಡನನ್ನು ಶಂಕರನ್ ತಂಬಿಯೆಂದು ಭ್ರಮಿಸಿ ಕೊಲ್ಲಹೊರಡುವುದು ಭ್ರಮೆಯೇ ಆದರೂ ಆ ಭ್ರಮೆಯಲ್ಲಿ ಒಂದು ನ್ಯಾಯವಿರುವುದು: ಆ ಮನೆಯ ರಕ್ತಋಣವನ್ನು ಆ ಮನೆಯವನಿಂದಲೇ ಕೇಳಿದಂತಾಗುವುದು.

೩. ರೂಪಾಂತರ

‘ಆಪ್ತಮಿತ್ರ’ವನ್ನು ನಿರ್ದೇಶಿಸಿದವರು ಪಿ. ವಾಸು, ನಿರ್ಮಿಸಿದವರು ದ್ವಾರಕೀಶ್. ಮನೋವೈದ್ಯ ವಿಜಯನಾಗಿ ವಿಷ್ಣುವರ್ಧನ್, ಗಂಗೆಯಾಗಿ ಸೌಂದರ್ಯ, ಅವಳ ಗಂಡನಾಗಿ ರಮೇಶ್ ಅರವಿಂದ್, ಆಚಾರ್ಯನಾಗಿ ಅವಿನಾಶ್ ಅಭಿನಯಿಸಿರುವರು. ಈ ಚಿತ್ರವು ತೆರೆಗೆ ಬಂದುದು ೨೦೦೪ರ ಆಗಸ್ಟಿನಲ್ಲಿ. ಅದಕ್ಕೆ ನಾಲ್ಕು ತಿಂಗಳು ಮೊದಲೇ, ಏಪ್ರಿಲ್ ೧೭ರಂದು, ಸೌಂದರ್ಯ ಅವರು ಬೆಂಗಳೂರಿನ ಬಳಿ ವಿಮಾನದುರಂತದಲ್ಲಿ ತೀರಿಕೊಂಡಿದ್ದರು. ಪ್ರೇಕ್ಷಕರು ತೆರೆಯ ಮೇಲೆ ಕಂಡುದು ಇಲ್ಲವಾದ ನಟಿಯೊಬ್ಬಳು ಇಲ್ಲವಾದ ನರ್ತಕಿಯೊಬ್ಬಳಾಗುವುದನ್ನು.

ಮೂಲದೊಡನೆ ಹೋಲಿಸಿದರೆ ನಾಲ್ಕು ವ್ಯತ್ಯಾಸಗಳು ಎದ್ದುಕಾಣುವುವು.

ಮೊದಲನೆಯದು ಹೆಸರು. ಮಲೆಯಾಳದ ಹೆಸರು ಬೀಗವನ್ನು ಹೇಳಿದರೆ, ಕನ್ನಡದ ಹೆಸರು ಸ್ನೇಹಿತನನ್ನು ಹೇಳುವುದು. ಪಿ. ವಾಸು ಅವರೇ ೨೦೦೫ರಲ್ಲಿ ತಮಿಳಿನಲ್ಲಿ ಮಾಡಿದ ರೂಪಾಂತರಕ್ಕೆ ‘ಚಂದ್ರಮುಖಿ’ ಎಂದು ಪ್ರೇತದ ಹೆಸರು. ಪ್ರಿಯದರ್ಶನ್ ಅವರು ೨೦೦೭ರಲ್ಲಿ ಹಿಂದಿಯಲ್ಲಿ ಮಾಡಿದುದಕ್ಕೆ ‘ಭೂಲ್ ಭುಲಯ್ಯಾ’, ಎಂದರೆ ದಾರಿತಪ್ಪಿಸುವ ಸುತ್ತುಮನೆ ಎಂದು ಹೆಸರು. ಒಂದೇ ಕಥೆಯಲ್ಲಿ ಯಾವುದು ಮುಖ್ಯವೆಂದು ಪ್ರತಿಯೊಬ್ಬರು ಬಗೆದರೋ ಅದು ಹೆಸರಿನಲ್ಲಿಯೇ ಹೊರಬಿದ್ದಿದೆ. ಕನ್ನಡದಲ್ಲಿ ಕಥೆಯ ಭಾರವು ರೋಗಿಯಿಂದ ವೈದ್ಯನಿಗೆ ಸರಿಯಿತು. ವಿಷ್ಣುವರ್ಧನ್ ಅವರಂಥ ಜನಪ್ರಿಯ ನಾಯಕನಿರುವಾಗ ಹಾಡು, ಹಾಸ್ಯ, ಹೊಡೆದಾಟಗಳು ಅವರ ಸುತ್ತಲೇ ನೆರೆಯುವುದು ಸಹಜ. ಮೂಲದಲ್ಲಿ ವೈದ್ಯನು ಕಥೆಯು ಬಹುಭಾಗ ನಡೆದ ಮೇಲೆ ಬರುವನು. ಅಷ್ಟು ಹೊತ್ತಿಗೆ ಮನೆಯೂ ಗಂಗೆಯೂ ನಮ್ಮ ಮನಸ್ಸಿನಲ್ಲಿ ತುಂಬಿರುವರು.

ಎರಡನೆಯದು ಮನೆ. ‘ಆಪ್ತಮಿತ್ರ’ದ ದಂಪತಿಗಳದು ಪೂರ್ವಿಕರ ಮನೆಯಲ್ಲ, ಕೊಂಡುಕೊಂಡ ಹಳೆಯ ಅರಮನೆ. ಕೊಂದವನು ವಿಜಯ ರಾಜೇಂದ್ರ ಬಹದ್ದೂರನೆಂಬ ರಾಜ. ಈ ಗಂಡನಿಗೂ ಅವನಿಗೂ ರಕ್ತಸಂಬಂಧವಿಲ್ಲ. ಹಾಗಾಗಿ ಮೂಲದಲ್ಲಿದ್ದ ವಂಶದ ಋಣವು ಇಲ್ಲಿ ನಿವೇಶನದ ದೋಷವಾಯಿತು. ಕ್ರಯಪತ್ರದೊಡನೆ ಭಯವೂ ಬಂದಿತು. ಕೂಡುಮನೆಯ ಅಂತಸ್ಥವಾದ ಕಥೆಯನ್ನು ನಗರದ ಪ್ರೇಕ್ಷಕನಿಗೆ ಒಗ್ಗಿಸುವಲ್ಲಿ ಇದು ಜಾಣ್ಮೆಯ ಕೆಲಸವೇ ಸರಿ. ಆದರೆ ‘ಈ ಪಾಪ ನಮ್ಮದು’ ಎಂಬ ಭಾವವು ಇದರಿಂದ ಕಡಮೆಯಾಯಿತು.

ಮೂರನೆಯದು ಭಾಷೆ. ಇದು ಬಹು ಸೊಗಸಾದ ವಿಷಯವಾದ್ದರಿಂದ ಸ್ವಲ್ಪ ವಿಸ್ತರಿಸುವೆನು. ಮಲೆಯಾಳದ ಗಂಗೆಯು ನಾಗವಲ್ಲಿಯಾದಾಗ ತಮಿಳನ್ನಾಡುವಳು. ಕನ್ನಡದ ಗಂಗೆ ತೆಲುಗನ್ನಾಡುವಳು. ತಮಿಳಿನ ಚಂದ್ರಮುಖಿಯದೂ ತೆಲುಗೇ. ಹಿಂದಿಯಲ್ಲಿ ಆ ನರ್ತಕಿ ಮಂಜುಲಿಕೆ ಬಂಗಾಳಿಯವಳು. ಯಾವ ರೂಪದಲ್ಲಿಯೂ ಪ್ರೇತವು ಮನೆಯ ಮಾತನ್ನಾಡಲಿಲ್ಲ, ತೀರ ಅರಿಯದ ದೂರದ ಮಾತನ್ನೂ ಆಡಲಿಲ್ಲ. ಪೂರ್ಣವಾಗಿ ಅರಿಯದ ಮಾತು ಬರಿಯ ಸದ್ದು. ಪೂರ್ಣವಾಗಿ ಅರಿತ ಮಾತಿನಲ್ಲಿ ಭಯವಿಲ್ಲ. ಅರ್ಧ ತಿಳಿದು ಅರ್ಧ ತಿಳಿಯದ ನೆರೆಯ ಮಾತಿನಲ್ಲಿಯೇ ‘ಇವಳು ನಮ್ಮವಳೇ, ಅಲ್ಲವೇ’ ಎಂಬ ಕಳವಳವು ಹುಟ್ಟುವುದು. ಅದಲ್ಲದೆ ದಕ್ಷಿಣದ ಸಂಗೀತ ನೃತ್ಯಗಳಲ್ಲಿ ತೆಲುಗಿಗೆ ಬಹುಕಾಲದಿಂದ ವಿಶೇಷವಾದ ಸ್ಥಾನವಿದೆಯಾಗಿ, ನರ್ತಕಿಯ ಬಾಯಲ್ಲಿ ಅದು ಕೃತಕವೆನಿಸುವುದಿಲ್ಲ. ಕೋಲಾರದ ಸೀಮೆಯಲ್ಲಿ ಹುಟ್ಟಿ ತೆಲುಗು ಚಿತ್ರಗಳಲ್ಲಿ ಹೆಸರಾದ ಸೌಂದರ್ಯ ಅವರಿಗೆ ಎರಡು ಮಾತುಗಳೂ ಒಲಿದಿದ್ದುವು.

ಆದರೆ ಇದೇ ಯುಕ್ತಿಯು ಎಲ್ಲೆಡೆಯಲ್ಲಿಯೂ ಒಂದೇ ಫಲವನ್ನು ಕೊಡಲಾರದು. ಸಾಣಾಪುರದ ಸುತ್ತಲಿನ ಸೀಮೆಯನ್ನೇ ನೋಡಿರಿ. ೧೯೫೩ರಿಂದ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಆಂಧ್ರದ ಕಡೆಯಿಂದ ಬಂದ ಒಕ್ಕಲಿಗರು ಗಂಗಾವತಿ, ಸಿಂಧನೂರು ಸೀಮೆಗಳಲ್ಲಿ ನೆಲೆಸಿದರು. ಅವರ ವಸತಿಗಳಿಗೆ ಕ್ಯಾಂಪುಗಳೆಂದು ಹೆಸರು. ಅಲ್ಲಿ ತೆಲುಗು ಸಂತೆಯ ಮಾತು, ಗದ್ದೆಯ ಮಾತು. ಅಂಥ ಕಡೆಯ ಪ್ರೇಕ್ಷಕನಿಗೆ ನಾಗವಲ್ಲಿಯ ಬೈಗಳು ಸಂಪೂರ್ಣವಾಗಿ ತಿಳಿಯುವುದು. ಮೈಸೂರಿನವನು ಸದ್ದಿಗೆ ಹೆದರುವಲ್ಲಿ ಇವನು ಅರ್ಥವನ್ನು ಕೇಳುವನು. ಪರರ ಮನೆಯಲ್ಲಿ ಸೆರೆಯಾದ ಹೆಣ್ಣೊಬ್ಬಳ ಗೋಳನ್ನು ಕೇಳುವನು. ಇವನಿಗೆ ಭಯವು ಕಡಮೆ, ಕನಿಕರವು ಹೆಚ್ಚು. ರೂಪಾಂತರದಲ್ಲಿ ಕಳೆದುಹೋದುದೇನೋ ಗಡಿಯ ಪ್ರೇಕ್ಷಕನಿಗೆ ಹೀಗೆ ಸ್ವಲ್ಪ ಹಿಂದಿರುಗಿ ಬರುವುದು.

ನಾಲ್ಕನೆಯದು ಹಾವು. ‘ಆಪ್ತಮಿತ್ರ’ದ ಅರಮನೆಯಲ್ಲಿ ಒಂದು ಹಾವು ಕಾಣಿಸಿಕೊಳ್ಳುವುದು. ಮನಶ್ಶಾಸ್ತ್ರವು ಗಂಗೆಯ ನಡತೆಗೆ ಕಾರಣವನ್ನು ಹೇಳಬಲ್ಲುದು. ಈ ಹಾವಿಗೆ ಹೇಳಲಾರದು. ನಿಧಿಗೂ ಹಾವಿಗೂ, ಶಾಪಕ್ಕೂ ಹಾವಿಗೂ ಇರುವ ಸಂಬಂಧವನ್ನು ನಮ್ಮ ಜಾನಪದವು ಬಲ್ಲುದಾಗಿ ಪ್ರೇಕ್ಷಕನು ತಕರಾರು ಮಾಡುವುದಿಲ್ಲ. ಆದರೆ ಮೂಲವು ಗಟ್ಟಿಯಾಗಿ ಮುಚ್ಚಿದ ಬಾಗಿಲಲ್ಲಿ ಇದೊಂದು ಸಂದು. ಆರು ವರುಷಗಳ ಮೇಲೆ ಉತ್ತರಕಥೆಯು ಒಳನುಗ್ಗಿದುದು ಇಂಥ ಸಂದಿನಿಂದಲೇ.

೪. ಹಿಟ್ಟಿನ ಹುಂಜ

ಮೂಲದಲ್ಲಿಯೂ ರೂಪಾಂತರದಲ್ಲಿಯೂ ಚಿಕಿತ್ಸೆಯ ಕ್ರಮ ಒಂದೇ. ನಾಗವಲ್ಲಿಯಾದ ಗಂಗೆಗೆ ತನ್ನ ವೈರಿಯನ್ನು ಕೊಲ್ಲಬೇಕು. ಕೊಲ್ಲದೆ ಆ ಛಾಯೆ ಬಿಡುವಂತಿಲ್ಲ. ವೈದ್ಯನು ಮಾಂತ್ರಿಕನೊಡನೆ ಸೇರಿ, ಗಂಡನನ್ನು ಅವಳ ಮುಂದಿರಿಸಿ, ತಿರುಗುವ ಹಲಗೆಯ ಉಪಾಯದಿಂದ ಕೊನೆಯ ಗಳಿಗೆಯಲ್ಲಿ ಅವನ ಬದಲಿಗೆ ಒಂದು ಬೊಂಬೆಯನ್ನು ತರುವನು. ಅವಳು ಬೊಂಬೆಯನ್ನು ಕಡಿದು ವೈರಿಯನ್ನು ಕೊಂದೆನೆಂದು ತೃಪ್ತಳಾಗುವಳು; ನಾಗವಲ್ಲಿ ಹೋಗಿ ಗಂಗೆ ಉಳಿಯುವಳು.

ಕನ್ನಡ ಸಾಹಿತ್ಯವನ್ನು ಓದಿದವರಿಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ ನೆನಪಾಗದೆ ಇರದು. ೧೨೦೯ರಲ್ಲಿ ರಚಿತವಾದ ಆ ಕಾವ್ಯವೂ ಹಳೆಯ ಕಥೆಯೊಂದರ ಮರುಕಥನವೇ; ಸೋಮದೇವ, ವಾದಿರಾಜರು ಅದನ್ನು ಮೊದಲೇ ಹೇಳಿದ್ದರು. ಚಂಡಮಾರಿಯ ಗುಡಿಯ ಭಯಾನಕದಿಂದಲೇ ಅದು ಆರಂಭವಾಗುವುದು. ಯಶೋಧರನು ಜೀವಬಲಿಗೆ ಒಲ್ಲದೆ, ತಾಯಿಯ ಮಾತನ್ನು ಮೀರಲೂ ಆರದೆ ಹಿಟ್ಟಿನ ಹುಂಜವನ್ನು ಬಲಿಕೊಟ್ಟನು. ಕಡಿದುದು ಹಿಟ್ಟನ್ನೇ ಆದರೂ ಸಂಕಲ್ಪವು ಕೊಲೆಯದಾದ್ದರಿಂದ ತಾಯಿಮಕ್ಕಳಿಬ್ಬರೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಜೈನ ಕವಿಗೆ ಬೊಂಬೆಯ ಕೊಲೆಯೂ ಕೊಲೆಯೇ. ಕೊಪಣವೆಂದು ಜೈನರಿಗೆ ಮಹಾತೀರ್ಥವಾಗಿದ್ದ ಕೊಪ್ಪಳದ ಸೀಮೆಯಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಒಂದೇ ಬೊಂಬೆಯ ಕೊಲೆಯು ಜನ್ನನಲ್ಲಿ ಬಂಧನಕ್ಕೂ, ಚಿತ್ರದಲ್ಲಿ ಬಿಡುಗಡೆಗೂ ಕಾರಣವಾಗುವುದು ಹೇಗೆ? ಉತ್ತರವು ಸುಲಭ. ಯಶೋಧರನು ತಾನು ಯಾರೆಂಬುದನ್ನು ಬಲ್ಲನು. ಅವನ ಸಂಕಲ್ಪಕ್ಕೆ ಅವನೇ ಹೊಣೆ. ಗಂಗೆಯು ಆ ಗಳಿಗೆಯಲ್ಲಿ ತಾನಲ್ಲ. ರೋಗಿಗೆ ಸಂಕಲ್ಪವಿಲ್ಲದ್ದರಿಂದ ಪಾಪವೂ ಇಲ್ಲ. ವೈದ್ಯನ ಉಪಾಯವು ಧರ್ಮಸಮ್ಮತವಾಗುವುದು ಅವಳು ರೋಗಿಯೆಂಬ ನಿಶ್ಚಯದ ಮೇಲೆ ಮಾತ್ರ. ಆ ನಿಶ್ಚಯವನ್ನು ಕಿತ್ತುಹಾಕಿದರೆ, ನಾಗವಲ್ಲಿಯು ನಿಜವಾಗಿಯೂ ಇದ್ದಳೆಂದು ಹೇಳಿದರೆ, ಬೊಂಬೆಯನ್ನು ತೋರಿಸಿ ಅವಳನ್ನು ಕಳುಹಿಸಿದುದು ಚಿಕಿತ್ಸೆಯಾಗಲಾರದು. ಅನ್ಯಾಯಕ್ಕೊಳಗಾದವಳಿಗೆ ಮಾಡಿದ ಇನ್ನೊಂದು ಮೋಸವಾಗುವುದು. ಉತ್ತರಕಥೆಯ ಇಕ್ಕಟ್ಟು ಇಲ್ಲಿದೆ.

೫. ಉತ್ತರಕಥೆ

ಉತ್ತರಕಥೆಗಳೆಲ್ಲವೂ ಮೂಲಕ್ಕಿಂತ ಕೀಳೆಂಬ ಮಾತು ಬಳಕೆಯಲ್ಲಿದೆ. ಇದು ನಿಜವಲ್ಲ. ರಾಮಾಯಣದಲ್ಲಿ ಸೀತೆಗೆ ಸಲ್ಲದೆ ಉಳಿದ ಋಣವೊಂದಿತ್ತು. ಭವಭೂತಿಯು ‘ಉತ್ತರರಾಮಚರಿತ’ದಲ್ಲಿ ಅದನ್ನು ತೀರಿಸಿದನು. ಜೇಮ್ಸ್ ವೇಲ್ ಅವರು ೧೯೩೧ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಚಿತ್ರವನ್ನು ಮಾಡಿದಾಗ, ಮೇರಿ ಶೆಲ್ಲಿಯ ಕಾದಂಬರಿಯಲ್ಲಿ ಆ ವಿಕೃತಜೀವಿಯು ತನಗೊಬ್ಬ ಸಂಗಾತಿಯನ್ನು ಮಾಡಿಕೊಡೆಂದು ಬೇಡುವ ಭಾಗವು ಉಳಿದುಹೋಗಿತ್ತು. ೧೯೩೫ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಆ ಬೇಡಿಕೆಯಿಂದಲೇ ಬೆಳೆದು, ಮೊದಲನೆಯದಕ್ಕಿಂತ ಮೇಲೆಂದು ಬಹುಜನ ವಿಮರ್ಶಕರಿಂದ ಎನ್ನಿಸಿಕೊಂಡಿತು. ಆದ್ದರಿಂದ ಮೂಲವು ತೀರಿಸದೆ ಬಿಟ್ಟ ಋಣವಿದ್ದಲ್ಲಿ ಉತ್ತರಕಥೆಗೆ ಹಕ್ಕುಂಟು. ತೀರಿದ ಋಣವನ್ನು ಮತ್ತೆ ಕೇಳಹೊರಟಲ್ಲಿ ಅದು ಬರಿಯ ವ್ಯಾಪಾರ.

ಈ ನಿಯಮದಿಂದ ನೋಡಿದರೆ ‘ಆಪ್ತರಕ್ಷಕ’ಕ್ಕೆ ಹುಟ್ಟುವ ಹಕ್ಕು ಇದ್ದಿತೆಂದೇ ಒಪ್ಪಬೇಕು. ಮೂಲದಲ್ಲಿ ಇಬ್ಬರು ಹೆಂಗಸರಿದ್ದಾರೆ: ರೋಗಿಯಾದ ಗಂಗೆ, ಕೊಲೆಯಾದ ನಾಗವಲ್ಲಿ. ಗಂಗೆಯ ಋಣವು ತೀರಿತು. ನಾಗವಲ್ಲಿಯದು ತೀರಲಿಲ್ಲ, ಅವಳ ಕಥೆ ಗಂಗೆಯ ರೋಗಕ್ಕೆ ನಿಮಿತ್ತವಾಗಿ ಬಂದು, ರೋಗದೊಡನೆ ಹೊರಟುಹೋಯಿತು. ಪಿ. ವಾಸು ಅವರೇ ನಿರ್ದೇಶಿಸಿದ ಉತ್ತರಕಥೆಯಲ್ಲಿ ನಾಗವಲ್ಲಿಯ ಚಿತ್ರಪಟವು ಬೇರೊಂದು ಮನೆಗೆ ಬರುವುದು; ಅದರೊಡನೆ ಭಯವೂ ಬರುವುದು; ವೈದ್ಯ ವಿಜಯನೂ ಆಚಾರ್ಯನೂ ಮತ್ತೆ ಕೂಡುವರು. ಕೊನೆಗೆ ತಿಳಿಯುವುದೇನೆಂದರೆ, ಆ ರಾಜನು ಶತಾಯುಷ್ಯವನ್ನು ಮೀರಿ ಇನ್ನೂ ಬದುಕಿಯೇ ಇರುವನು. ವೈದ್ಯನೂ ರಾಜನೂ ಆಗಿ ವಿಷ್ಣುವರ್ಧನ್ ಅವರೇ ಅಭಿನಯಿಸಿರುವರು.

ಇದರಲ್ಲಿ ಒಂದು ಬಲವಾದ ಕಲ್ಪನೆಯುಂಟು. ಬೊಂಬೆಯನ್ನು ಕಡಿದು ತೃಪ್ತಿಪಡಿಸಿದಿರಿ. ಆದರೆ ಕೊಂದವನು ಸತ್ತಿರಲೇ ಇಲ್ಲ ಎಂದು ಈ ಕಥೆ ಹೇಳುತ್ತದೆ. ಹೆಣ್ಣನ್ನು ಕೊಂದ ದರ್ಪವು ನೂರು ವರುಷಗಳಾದರೂ ಸಾಯದೆ ಎಲ್ಲಿಯೋ ಉಸಿರಾಡುತ್ತಿದೆಯೆಂಬುದು ಸಾಮಾನ್ಯವಾದ ಮಾತಲ್ಲ. ಪಾಪಿಗೂ ಪರಿಹಾರಕನಿಗೂ ಒಂದೇ ಮುಖವಿರುವುದೂ ವಿಚಾರಾರ್ಹವಾದುದು. ಜನ್ನನ ಭವಾವಳಿಯಂತೆ ಇಲ್ಲಿಯೂ ಬೊಂಬೆಯ ಬಲಿಯು ಮುಂದಿನ ಭವಕ್ಕೆ ಬೀಜವಾಯಿತು.

ಆದರೆ ಈ ಲಾಭಕ್ಕೆ ತೆತ್ತ ಬೆಲೆ ದೊಡ್ಡದು. ಮೂಲದಲ್ಲಿ ಭಯವನ್ನು ಹೊತ್ತುದು ಒಂದು ಮನಸ್ಸು; ಅದಕ್ಕೆ ಬಾಲ್ಯವಿತ್ತು, ಅಜ್ಜಿಯಿದ್ದಳು, ಓದಿದ ಪುಸ್ತಕಗಳಿದ್ದುವು. ಉತ್ತರಕಥೆಯಲ್ಲಿ ಭಯವನ್ನು ಹೊತ್ತುದು ಒಂದು ಪಟ. ಪಟವು ಯಾರ ಮನೆಗಾದರೂ ಹೋಗಬಹುದು. ಆದ್ದರಿಂದ ಯಾರಿಗೆ ತಗುಲಿತೆಂಬುದು ಮುಖ್ಯವಲ್ಲವಾಯಿತು. ‘ಇವಳಿಗೆ ಏಕೆ ಹೀಗಾಯಿತು’ ಎಂಬ ಪ್ರಶ್ನೆ ಹೋಗಿ ‘ಇವರಲ್ಲಿ ಯಾರಿಗೆ ಆಗಿದೆ’ ಎಂಬ ಪತ್ತೇದಾರಿಯ ಕುತೂಹಲವು ಉಳಿಯಿತು. ನಾಗವಲ್ಲಿಯ ಋಣವನ್ನು ತೀರಿಸಹೋಗಿ ಗಂಗೆಗೆ ಸಂದುದನ್ನು ಹಿಂದಕ್ಕೆ ಪಡೆದಂತಾಯಿತು. ಹೆಸರೂ ಇದನ್ನೇ ಸಾರುವುದು: ಮೊದಲು ಬೀಗ, ಅನಂತರ ಮಿತ್ರ, ಕೊನೆಗೆ ರಕ್ಷಕ. ಮಿತ್ರನು ಬೇಕಾಗುವುದು ರೋಗಿಗೆ. ರಕ್ಷಕನು ಬೇಕಾಗುವುದು ಶತ್ರುವಿದ್ದಲ್ಲಿ.

ಈ ಕಥೆಯ ಇತರ ಸಂತತಿಯಲ್ಲಿಯೂ ಇದೇ ಒಲವು ಕಾಣುವುದು. ‘ಆಪ್ತರಕ್ಷಕ’ವು ೨೦೧೦ರಲ್ಲಿಯೇ ‘ನಾಗವಲ್ಲಿ’ಯೆಂದು ತೆಲುಗಿಗೆ ಹೋಯಿತು. ೨೦೨೨ರ ‘ಭೂಲ್ ಭುಲಯ್ಯಾ ೨’ರಲ್ಲಿ ಮಂಜುಲಿಕೆಯು ನಿಜವಾದ ಪ್ರೇತವೇ ಆದಳು, ಮೊದಲನೆಯ ಚಿತ್ರದ ಸಿದ್ಧಾಂತವು ಹೆಸರಿನ ಹೊರತು ಉಳಿಯಲಿಲ್ಲ. ಪಿ. ವಾಸು ಅವರ ‘ಚಂದ್ರಮುಖಿ ೨’ ೨೦೨೩ರಲ್ಲಿ ಬಂದಿತು. ಮಲೆಯಾಳದವರು ಮಾತ್ರ 'ಗೀತಾಂಜಲಿ'ಯಲ್ಲಿ (೨೦೧೩) ವೈದ್ಯ ಸನ್ನಿಯನ್ನು ಮತ್ತೆ ಕರೆತಂದರೂ ಮಾಡಂಪಳ್ಳಿಯ ಬೀಗವನ್ನು ಮುಟ್ಟದೆ ಬೇರೊಂದು ಕಥೆಯನ್ನು ಹೇಳಿದರು. ಮೂಲದ ಮುಕ್ತಾಯಕ್ಕೆ ಅವರು ತೋರಿದ ಈ ಮರ್ಯಾದೆಯು ಗಮನಾರ್ಹವಾದುದು.

೬. ಒಂದು ಆಕ್ಷೇಪ

‘ಭಯಾನಕಕ್ಕೆ ಭೂತವಿರಬಾರದೆಂದು ವಾದಿಸುವಿರಾ? ಹಾಗಾದರೆ ಹ್ಯಾಮ್ಲೆಟನ ತಂದೆಯ ಗತಿಯೇನು?’ ಎಂದು ಕೇಳಬಹುದು. ನಮ್ಮ ವಾದವು ಅದಲ್ಲ. ೧೯೭೯ರಲ್ಲಿ ವಿಜಯ್ ಅವರು ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ ಚಿತ್ರದಲ್ಲಿ ಸತ್ತ ಹೆಣ್ಣಿನ ಆತ್ಮವು ಅನಂತನಾಗ್, ಲಕ್ಷ್ಮಿ ಅವರ ದಾಂಪತ್ಯದ ನಡುವೆ ಬರುವುದು. ಅಲ್ಲಿ ಆತ್ಮವು ಮೊದಲಿನಿಂದ ಕೊನೆಯವರೆಗೆ ನಿಜವೇ. ಅದೇ ನಿರ್ದೇಶಕರು ೧೯೮೧ರಲ್ಲಿ ಅನಂತನಾಗ್ ಅವರನ್ನೇ ಇರಿಸಿಕೊಂಡು, ರೇಖಾ ಅವರೊಡನೆ, ಅದನ್ನು ‘ಮಂಗಳಸೂತ್ರ’ವೆಂದು ಹಿಂದಿಗೆ ತಂದರು. ಕಾವ್ಯವು ತಾನು ಒಪ್ಪಿದ ನಿಯಮವನ್ನು ತಾನೇ ಮೀರದಿದ್ದರೆ ಸಾಕು. ಭೂತವಿರುವ ಲೋಕದಲ್ಲಿ ಭೂತವಿರಲಿ. ರೋಗವೆಂದು ನಮ್ಮನ್ನು ಒಪ್ಪಿಸಿ, ನಮ್ಮ ಕರುಣೆಯನ್ನು ಪಡೆದು, ಅನಂತರ ‘ಅದು ಭೂತವೇ ಆಗಿತ್ತು’ ಎನ್ನುವುದು ಮಾತ್ರ ಕೊಟ್ಟ ಮಾತಿಗೆ ತಪ್ಪಿದಂತೆ.

ಹಾಗೆಂದು ಮೂಲವನ್ನು ಅಕ್ಷರಶಃ ಅನುಸರಿಸುವುದೇ ನಿಷ್ಠೆಯೆಂದೂ ತಿಳಿಯಬಾರದು. ಹಿಚ್‌ಕಾಕ್ ಅವರ ‘ಸೈಕೋ’ (೧೯೬೦) ಚಿತ್ರವನ್ನು ಗಸ್ ವ್ಯಾನ್ ಸ್ಯಾಂಟ್ ಅವರು ೧೯೯೮ರಲ್ಲಿ ಬಹುಮಟ್ಟಿಗೆ ದೃಶ್ಯಕ್ಕೆ ದೃಶ್ಯವನ್ನು ಹೊಂದಿಸಿ ಮತ್ತೆ ತೆಗೆದರು. ಅಷ್ಟು ನಿಷ್ಠೆಯಿಂದಲೂ ಭಯವು ಹುಟ್ಟಲಿಲ್ಲವೆಂದು ವಿಮರ್ಶಕರಲ್ಲಿ ಹೆಚ್ಚಿನವರು ಬಗೆದರು. ಗಿಡವನ್ನು ಕಿತ್ತು ನೆಡುವಾಗ ಮಣ್ಣು ಬದಲಾಗಲೇಬೇಕು. ‘ಆಪ್ತಮಿತ್ರ’ವು ತಮಿಳನ್ನು ತೆಲುಗಾಗಿಸಿದುದು ಇಂಥ ಒಳ್ಳೆಯ ಬದಲಾವಣೆ, ಹಾವನ್ನು ತಂದುದು ಬೇರಿಗೆ ಬಿದ್ದ ಗಾಯ.

೭. ಉಪಸಂಹಾರ

ಈ ಚರ್ಚೆಯು ಕೇವಲ ರಸವಿಚಾರಕ್ಕೆ ಸೇರಿದುದಲ್ಲ. ಹೆಂಗಸೊಬ್ಬಳು ತಾನಲ್ಲದ ದನಿಯಲ್ಲಿ ಮಾತನಾಡಿದರೆ ಅವಳಿಗೆ ಗಾಳಿ ಸೋಂಕಿತೆಂದು ಬೇವಿನ ಬರಲಿನಿಂದ ಹೊಡೆಯುವುದು ನಮ್ಮ ಸೀಮೆಗಳಲ್ಲಿ ಕೇಳಿ ಅರಿಯದ ಸಂಗತಿಯಲ್ಲ. ಬೆಂಗಳೂರಿನಲ್ಲಿ ೧೯೭೪ರಿಂದ ನಿಮ್ಹಾನ್ಸ್ ಸಂಸ್ಥೆಯಿದ್ದರೂ, ಭೂತ ಬಿಡಿಸುವ ನೆಪದ ಹಿಂಸೆಯನ್ನು ತಡೆಯಲು ಕರ್ನಾಟಕವು ೨೦೧೭ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಮೈಮೇಲೆ ಬರುವುದೆಲ್ಲವೂ ರೋಗವೆಂದಲ್ಲ. ಜನರ ಆರಾಧನೆಗೆ ಸೇರಿದ ಆವೇಶವನ್ನು ವೈದ್ಯಶಾಸ್ತ್ರವೂ ರೋಗದಿಂದ ಬೇರೆಯಾಗಿಯೇ ಎಣಿಸುವುದು. ಆದರೆ ನರಳುವವಳನ್ನು ನರಳುವವಳೆಂದು ಕಾಣುವ ಕಣ್ಣನ್ನು ಲಕ್ಷಾಂತರ ಜನರಿಗೆ ಕೊಟ್ಟುದು ‘ಮಣಿಚಿತ್ರತ್ತಾಳ್’ ಮತ್ತು ‘ಆಪ್ತಮಿತ್ರ’ಗಳ ಪುಣ್ಯ. ಆ ಕಣ್ಣನ್ನು ಮುಚ್ಚಿಸಿದುದೇ ಉತ್ತರಕಥೆಗಳ ದೋಷ. ವಿಷ್ಣುವರ್ಧನ್ ಅವರು ೨೦೦೯ರ ಡಿಸೆಂಬರ್ ೩೦ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ‘ಆಪ್ತರಕ್ಷಕ’ವು ತೆರೆಗೆ ಬಂದುದು ಮರುವರ್ಷದ ಫೆಬ್ರುವರಿಯಲ್ಲಿ. ಸೌಂದರ್ಯ ಅವರ ಮರಣವನ್ನೂ ಇವರ ಮರಣವನ್ನೂ ಕೂಡಿಸಿ ನಾಗವಲ್ಲಿಯ ಶಾಪವೆಂದು ಆಡಿಕೊಂಡವರುಂಟು. ವಿಮಾನದ ಅಪಘಾತ, ಹೃದಯದ ರೋಗ ಇವೆರಡೂ ಕಣ್ಣ ಮುಂದಿರುವಾಗ ಶಾಪವನ್ನು ಅರಸುವುದು, ಗಂಗೆಯ ಬಾಲ್ಯವು ಕಣ್ಣ ಮುಂದಿರುವಾಗ ಪ್ರೇತವನ್ನು ಅರಸುವುದಕ್ಕಿಂತ ಬೇರೆಯಲ್ಲ.

ಅಧ್ಯಾಪಕರು ತರಗತಿಯಲ್ಲಿ ಜನ್ನನನ್ನು ಪಾಠ ಹೇಳುವಾಗ ಈ ಮೂರು ಚಿತ್ರಗಳನ್ನು ಹೋಲಿಕೆಗೆ ಎತ್ತಿಕೊಳ್ಳಬಹುದು. ಬೊಂಬೆಯ ಕೊಲೆಯು ಯಾವಾಗ ಪಾಪ, ಯಾವಾಗ ಔಷಧ ಎಂಬ ಪ್ರಶ್ನೆಗೆ ವಿದ್ಯಾರ್ಥಿಗಳು ಉತ್ಸಾಹದಿಂದಲೇ ಉತ್ತರವನ್ನು ಹುಡುಕುವರು. ನಾಗಚಂದ್ರನ ವಾನರರನ್ನು ಕುರಿತು ಹೇಳುವಾಗಲೂ ಹಾಗೆಯೇ.

ಜನ್ನನ ಕಾವ್ಯದಲ್ಲಿ ಬಲಿಗೆಂದು ಹಿಡಿದು ತಂದ ಬಾಲಕನ ಹೆಸರು ಅಭಯರುಚಿ. ಮಾರಿಯ ಗುಡಿಯಲ್ಲಿ ನಿಂತು ಅವನು ತನ್ನ ಭವಾವಳಿಯನ್ನು ಹೇಳಿ ಮುಗಿಸಿದಾಗ ರಾಜನ ಕತ್ತಿ ಕೆಳಗಿಳಿಯುವುದು. ಭಯದಿಂದ ಮೊದಲಾದ ಕಥೆಯು ಅಭಯದಲ್ಲಿ ಮುಗಿಯಬೇಕೆಂಬುದೇ ಕನ್ನಡವು ಈ ರಸಕ್ಕೆ ಹಾಕಿಕೊಟ್ಟ ದಾರಿ. ಮೂಲವಾಗಲಿ, ರೂಪಾಂತರವಾಗಲಿ, ಉತ್ತರಕಥೆಯಾಗಲಿ, ಎಷ್ಟು ಹೆದರಿಸಿತೆಂಬುದರಿಂದಲ್ಲ, ಯಾರಿಗೆ ಅಭಯವನ್ನು ಕೊಟ್ಟಿತೆಂಬುದರಿಂದ ಅದನ್ನು ಅಳೆಯತಕ್ಕುದು.